ಲಿಫ್ಟಣ್ಣ ಮೆಟ್ಟಿಲು ಹತ್ತಿದ್ದು

ಅವನನ್ನು ಎಲ್ಲರೂ ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಒಂದಿತ್ತು, ಇಲ್ಲವೆಂದಲ್ಲ. ಅದು ಬ್ಯಾಂಕಿನವರಿಗೆ ಸದಾ ನೆನಪಿರುತ್ತಿತ್ತು, ಅಕ್ಕನಿಗೆ ಸಿಟ್ಟು ಬಂದಾಗ ನೆನಪಾಗುತ್ತಿತ್ತು. ಊರಿನ ಎತ್ತರದ ಕಟ್ಟಡಗಳಲ್ಲಿ ಅರ್ಧಕ್ಕರ್ಧ ಲಿಫ್ಟುಗಳು ಅವನ ಕೈಯಲ್ಲಿ ಪಳಗಿದವು. ಯಾವ ಲಿಫ್ಟು ಮಳೆಗಾಲದಲ್ಲಿ ಕೆಮ್ಮುತ್ತದೆ, ಯಾವುದು ಮೂರನೇ ಮಹಡಿಯಲ್ಲಿ ನಿಲ್ಲಲು ಮುನಿಸಿಕೊಳ್ಳುತ್ತದೆ ಎಂಬುದನ್ನು ಅವನು ಸ್ವಂತ ಸೋದರಮಾವಂದಿರ ಸ್ವಭಾವ ಹೇಳಿದ ಹಾಗೆ ಹೇಳುತ್ತಿದ್ದ. ಒಳಗೆ ಸಿಕ್ಕಿಕೊಂಡವರ ಜೊತೆ ಮಾತಾಡುವುದರಲ್ಲಂತೂ ಅವನದು ಎತ್ತಿದ ಕೈ. ಮುಚ್ಚಿದ ಬಾಗಿಲಿಗೆ ಬಾಯಿ ಹಚ್ಚಿ, "ಏನೂ ಆಗಿಲ್ಲ, ನಾನು ಇಲ್ಲೇ ಇದ್ದೀನಿ, ಬೆಳಿಗ್ಗೆ ಏನು ತಿಂಡಿ ತಿಂದ್ರಿ ಹೇಳಿ ನೋಡೋಣ" ಎಂದು ಶುರು ಮಾಡಿದರೆ, ಹೊರಗೆ ಬರುವ ಹೊತ್ತಿಗೆ ಒಳಗಿದ್ದವರು ತಮ್ಮ ಮಗಳ ಮದುವೆಯ ಸಂಗತಿಯವರೆಗೂ ಹೇಳಿ ಮುಗಿಸಿರುತ್ತಿದ್ದರು.

ಒಂದು ವಿಮಾ ಕಚೇರಿಯ ಮಾಳಿಗೆಯ ಮೇಲೆ ಲಿಫ್ಟಿನ ಮೋಟಾರು ಇಡುವ ಕೋಣೆ ಇತ್ತು. ಕಿಟಕಿಯಿಲ್ಲದ, ಗ್ರೀಸಿನ ವಾಸನೆಯ, ಬೇಸಿಗೆಯಲ್ಲಿ ಒಲೆಯಂತಾಗುವ ಕೋಣೆ. ಅದರ ಗೋಡೆಗೆ ಯಾರೋ ಹಳೆಯ ಕ್ಯಾಲೆಂಡರಿನ ಚಿತ್ರವೊಂದನ್ನು ಅಂಟಿಸಿದ್ದರು. ಸುತ್ತ ಬೋಳು ಬೆಟ್ಟಗಳು, ತುದಿಯಲ್ಲಿ ಹಿಮ, ನಡುವೆ ನೀಲಿ ಕೊಳ. ಲಿಫ್ಟಣ್ಣ ಅದರ ಎದುರು ಕೂತು ಡಬ್ಬಿಯ ಊಟ ಮಾಡುತ್ತಿದ್ದ. ಹಲವು ವರ್ಷ ಹಾಗೆ ನೋಡಿ ನೋಡಿ, ಆ ಕೊಳ ಎಲ್ಲಿದೆ ಎಂದು ಒಮ್ಮೆ ಕಚೇರಿಯ ಗುಮಾಸ್ತನೊಬ್ಬನನ್ನು ಕೇಳಿದ. ಅವನು ಫೋನಿನಲ್ಲಿ ಹುಡುಕಿ, ರೈಲಿನಲ್ಲಿ ಹೋಗಿ, ಬಸ್ಸಿನಲ್ಲಿ ಹೋಗಿ, ಆಮೇಲೆ ನಾಲ್ಕು ದಿನ ನಡೆದರೆ ಸಿಗುತ್ತದೆ ಎಂದ. ಲಿಫ್ಟಣ್ಣ "ಓಹೋ" ಎಂದು ಕೈ ತೊಳೆದುಕೊಂಡ. ಅಷ್ಟಕ್ಕೇ ಅದು ಮುಗಿಯುತ್ತಿತ್ತೇನೋ, ಆ ವರ್ಷ ಅಕ್ಕ ನಿವೃತ್ತಳಾಗದಿದ್ದರೆ.

ಅಕ್ಕ ಅವನಿಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಅಮ್ಮ ಬೇಗ ಹೋಗಿಬಿಟ್ಟ ಮೇಲೆ ಅವನ ಮೂಗು ಒರೆಸಿ, ಲೆಕ್ಕ ಹೇಳಿಕೊಟ್ಟು, ಬೆನ್ನಿಗೆರಡು ಗುದ್ದಿ ಬೆಳೆಸಿದವಳು. ಮದುವೆಯಾಗಲಿಲ್ಲ. "ಒಂದು ಗಂಡು ಸಾಕಿದ್ದೀನಲ್ಲ, ಸಾಕು" ಎನ್ನುತ್ತಿದ್ದಳು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆ, ಯಾವುದು ತಡವಾಗಿದೆ ಎಂದು ಹೇಳುವುದು ಅವಳ ಕೆಲಸ. ಆಯುಷ್ಯವೆಲ್ಲ ಊರೂರಿನ ಹೆಸರು ಕೂಗಿದಳು, ಒಂದು ಊರಿಗೂ ಹೋಗಲಿಲ್ಲ. ನಿವೃತ್ತಳಾದ ಮಾರನೆಯ ವಾರ ತಮ್ಮನ ಮನೆಯ ಅಡುಗೆಕೋಣೆಯಲ್ಲಿ ಚಹಾ ಕುಡಿಯುತ್ತ, "ಈಗ ಏನ್ಮಾಡೋದೋ?" ಎಂದಳು. ಅವನು ಮಾತಿಗೆ ಮಾತು ಬಂತೆಂದು ಆ ಕೊಳದ ಸುದ್ದಿ ಹೇಳಿದ.

ಅಕ್ಕ ಲೋಟ ಕೆಳಗಿಟ್ಟಳು. "ಹೋಗೋಣ."

"ಎಲ್ಲಿಗೆ?"

"ಅಲ್ಲಿಗೇ. ಇನ್ನೆಲ್ಲಿಗೆ?"

ಒಲೆಯ ಮುಂದೆ ನಿಂತಿದ್ದ ಅವನ ಹೆಂಡತಿ ತಿರುಗಿ ಇಬ್ಬರನ್ನೂ ನೋಡಿದಳು. ಅವಳು ಬೀದಿಯ ತುದಿಯಲ್ಲಿ ಶಿಶುವಿಹಾರ ನಡೆಸುವವಳು. ಯಾವ ಮಗು ಯಾವಾಗ ಬೀಳುತ್ತದೆ ಎಂಬುದು ಅವಳಿಗೆ ಮುಖ ನೋಡಿದರೆ ಗೊತ್ತಾಗುತ್ತದೆ. "ದೂರದ ಬೆಟ್ಟ ನುಣ್ಣಗೆ" ಎಂದಷ್ಟೇ ಹೇಳಿ ಮತ್ತೆ ಒಲೆಯ ಕಡೆ ತಿರುಗಿದಳು.

ಗುಮಾಸ್ತನೇ ಒಂದು ಫೋನ್ ನಂಬರು ಹುಡುಕಿಕೊಟ್ಟ. ಆ ಬೆಟ್ಟದ ಬುಡದ ಹಳ್ಳಿಯಲ್ಲಿ ಜನರನ್ನು ಕರೆದುಕೊಂಡು ಹೋಗಿ ಬರುವ ಹೆಂಗಸೊಬ್ಬಳಿದ್ದಳು. ಲಿಫ್ಟಣ್ಣ ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟು, ಕೊಳ ಎಷ್ಟು ನೀಲಿ ಇರುತ್ತದೆ, ಯಾವ ತಿಂಗಳಲ್ಲಿ ಹೆಚ್ಚು ನೀಲಿ ಎಂದು ವಿಚಾರಿಸಿದ.

ಆ ಕಡೆಯಿಂದ ನಗು ಕೇಳಿಸಿತು. "ಅಣ್ಣ, ಕೊಳದ ವಿಚಾರ ಆಮೇಲೆ ಮಾತಾಡೋಣ. ಅಲ್ಲಿ ಬಹಳ ಸಲ ಮಂಜೇ ಇರತ್ತೆ. ಹೋದವರು ನೀರಲ್ಲಿ ಕೈ ಅದ್ದಿ, ಇದೇ ಇರಬೇಕು ಅಂದ್ಕೊಂಡು ವಾಪಸ್ ಬರ್ತಾರೆ. ಕೆಲವು ಸಲ ಅಷ್ಟು ದೂರ ಹೋಗೋಕೂ ಆಗಲ್ಲ. ನಿಮ್ಮಿಬ್ಬರಿಗೂ ಮೆಟ್ಟಿಲು ಹತ್ತಿ ಅಭ್ಯಾಸ ಇದೆಯಾ?"

ಒಲೆಯ ಮುಂದಿದ್ದ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅವರು ಲಿಫ್ಟ್ ರಿಪೇರಿ ಮಾಡೋರು ತಾಯಿ" ಎಂದು ದೂರದಿಂದಲೇ ಕೂಗಿದಳು.

ಗೈಡಮ್ಮ (ಅಕ್ಕ ಅವಳಿಗೆ ಅಂದೇ ಇಟ್ಟ ಹೆಸರು) ನಗದೆ ಉಳಿದದ್ದನ್ನೂ ಹೇಳಿದಳು. ಚಳಿ ಇರುತ್ತದೆ, ಸ್ನಾನ ಇರುವುದಿಲ್ಲ, ಬಹಿರ್ದೆಸೆಗೆ ಬಂಡೆಯ ಮರೆ. ಮೂರು ಹೊತ್ತೂ ಆಲೂಗಡ್ಡೆ, ರೊಟ್ಟಿ, ಸಾರು. ಹೊಳೆ ಏರಿದರೆ ದಾರಿ ಬದಲು. ಯಾರಿಗಾದರೂ ಎತ್ತರದ ತೆಳು ಗಾಳಿಗೆ ತಲೆನೋವು ಬಂದು ವಾಂತಿಯಾದರೆ ಅವರು ಮೇಲಕ್ಕೆ ಹೋಗುವಂತಿಲ್ಲ, ಕೆಳಕ್ಕೇ ಇಳಿಯಬೇಕು. ಅಲ್ಲಿ ಅವಳ ಮಾತೇ ಕಡೆಯ ಮಾತು. "ಇಷ್ಟೆಲ್ಲ ಆದ್ಮೇಲೂ ಬರೋದಾದ್ರೆ ನಾಲ್ಕು ತಿಂಗಳು ಕಾಲು ಗಟ್ಟಿ ಮಾಡ್ಕೊಂಡು ಬನ್ನಿ" ಎಂದಳು.

"ಕೊಳ ಕಾಣಲಿಲ್ಲ ಅಂದ್ರೂ ಪರವಾಗಿಲ್ಲ" ಎಂದಳು ಅಕ್ಕ. ಲಿಫ್ಟಣ್ಣನೂ "ಪರವಾಗಿಲ್ಲ" ಎಂದ. ಅಕ್ಕ ಹೇಳಿದ್ದು ಮನಸ್ಸಿನಿಂದ, ಅವನು ಹೇಳಿದ್ದು ಬಾಯಿಂದ. ತನ್ನಂಥವನು ಹೋದಾಗ ಮಂಜು ಸರಿಯದೆ ಇರುತ್ತದೆಯೇ ಎಂಬ ನಂಬಿಕೆ ಅವನ ಒಳಗೆಲ್ಲೋ ಬೆಚ್ಚಗೆ ಕೂತಿತ್ತು.

ಅಭ್ಯಾಸ ಶುರುವಾಯಿತು. ಲಿಫ್ಟಣ್ಣ ಕೆಲಸಕ್ಕೆ ಹೋದ ಕಟ್ಟಡಗಳಲ್ಲೆಲ್ಲ ಮೆಟ್ಟಿಲು ಹಿಡಿದ. ಬೆನ್ನಿಗೆ ಚೀಲ, ಅದರೊಳಗೆ ತೂಕಕ್ಕೆಂದು ಸವೆದ ರಾಟೆಯ ತುಂಡುಗಳು. ಅವನು ಏದುಸಿರು ಬಿಡುತ್ತ ಮೇಲೆ ಬರುವುದನ್ನು ನೋಡಿದ ಜನ ಬೇರೆಯೇ ಅರ್ಥ ಮಾಡಿಕೊಂಡರು. ಲಿಫ್ಟಿನವನೇ ಲಿಫ್ಟು ಹತ್ತುತ್ತಿಲ್ಲ ಎಂದರೆ ಏನೋ ಇರಬೇಕು. ಒಂದು ಕಟ್ಟಡದಲ್ಲಿ ಅಜ್ಜಿಯೊಬ್ಬರು ತರಕಾರಿ ಚೀಲ ಹಿಡಿದು ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟರು. ಇನ್ನೊಂದರಲ್ಲಿ ಲಿಫ್ಟಿನ ಬಾಗಿಲಿಗೆ ಯಾರೋ ಕುರ್ಚಿ ಅಡ್ಡ ಇಟ್ಟರು. ಕೊನೆಗೆ ವಿಮಾ ಕಚೇರಿಯ ಮೇಲ್ವಿಚಾರಕ ಕರೆದು, "ನಿಜ ಹೇಳಪ್ಪ, ಹಗ್ಗ ಏನಾದ್ರೂ ಸವೆದಿದೆಯಾ?" ಎಂದು ಪಿಸುಗುಟ್ಟಿದ.

"ಹಗ್ಗ ಸರಿ ಇದೆ ಸಾರ್. ಸವೆದಿರೋದು ನನ್ನ ಮಂಡಿ."

ಅಕ್ಕನದು ಬೇರೆಯೇ ಪದ್ಧತಿ. ಅವಳು ಓಡುವವಳಲ್ಲ, ಏದುವವಳಲ್ಲ. ಚೀಲದಲ್ಲಿ ಆಲೂಗಡ್ಡೆ ತುಂಬಿಕೊಂಡು ದಿನಾ ಬೆಳಿಗ್ಗೆ ನದಿಯ ದಂಡೆಯ ರಸ್ತೆಯಲ್ಲಿ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತ ನಡೆಯುತ್ತಿದ್ದಳು. ವಾರಕ್ಕೊಮ್ಮೆ ಹಳೆಯ ಆಲೂಗಡ್ಡೆ ಅಡುಗೆಗೆ, ಹೊಸದು ಚೀಲಕ್ಕೆ. "ಬೆಟ್ಟದ ಮೇಲೂ ಇದನ್ನೇ ತಿನ್ನಬೇಕಲ್ಲ, ನಾಲಿಗೆಗೂ ಅಭ್ಯಾಸ ಆಗಲಿ" ಎಂದು ತಮ್ಮನ ತಟ್ಟೆಗೂ ಬಡಿಸುತ್ತಿದ್ದಳು.

ಹೊಸ ಬೂಟು ಬಂತು. ಲಿಫ್ಟಣ್ಣ ಅದನ್ನು ಪೆಟ್ಟಿಗೆಯಲ್ಲೇ ಜೋಪಾನವಾಗಿಟ್ಟು, ಊರಾಚೆಯ ಗುಡ್ಡಕ್ಕೆ ಹೋದ ಭಾನುವಾರ ಮೊದಲ ಸಲ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಇಳಿಯುವಾಗ ಹೆಬ್ಬೆರಳ ಉಗುರು ಕಪ್ಪಾಯಿತು. ಬಸ್ಸಿನಲ್ಲಿ ಕೂತು ಬೂಟು ಬಿಚ್ಚಿದಾಗ ಅಕ್ಕ ನೋಡಿ, "ಮನೆಯಲ್ಲೇ ಹಾಕ್ಕೊಂಡು ತಿರುಗು ಅಂತ ಎಷ್ಟು ಸಲ ಬಡ್ಕೊಂಡೆ" ಎಂದಳು.

"ಮನೆಯಲ್ಲಿ ಬೂಟು ಹಾಕ್ಕೊಂಡ್ರೆ ಇವಳು ಬೈತಾಳೆ."

"ಬೈಸ್ಕೋ. ಬೈಗುಳಕ್ಕೆ ಬೊಬ್ಬೆ ಏಳಲ್ಲ."

ಆಮೇಲೆ ಅವನು ಬೂಟು ಹಾಕಿಕೊಂಡೇ ಹಲ್ಲುಜ್ಜಿದ, ಬೂಟು ಹಾಕಿಕೊಂಡೇ ಪಾತ್ರೆ ತೊಳೆದ. ಹೆಂಡತಿ ಬೈಯಲಿಲ್ಲ. ಶಿಶುವಿಹಾರದ ಮಕ್ಕಳಿಗೆ ಬಳಸುವ ಮೆತ್ತನೆಯ ಪಟ್ಟಿಯನ್ನು ಅಳತೆಗೆ ಕತ್ತರಿಸಿ ಅವನ ಹಿಮ್ಮಡಿಗೆ ತಾನೇ ಅಂಟಿಸಿದಳು. ಅಂಟಿಸುತ್ತ ಕೇಳಿದಳು:

"ಅಲ್ಲೇನಾದ್ರೂ ಆದ್ರೆ?"

"ಏನೂ ಆಗಲ್ಲ ಕಣೇ."

"ಅದು ಲಿಫ್ಟೊಳಗೆ ಸಿಕ್ಕೊಂಡವರಿಗೆ ಹೇಳೋ ಮಾತು. ನನಗೆ ಬೇರೆ ಹೇಳಿ."

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಏನಾದ್ರೂ ಆದ್ರೆ ಗೈಡಮ್ಮ ಹೇಳಿದ ಹಾಗೆ ಕೇಳ್ತೀನಿ. ಹಟ ಮಾಡಲ್ಲ. ಇಳಿ ಅಂದ್ರೆ ಇಳೀತೀನಿ."

"ಇದು ಸರಿಯಾದ ಮಾತು" ಎಂದು ಅವಳು ಇನ್ನೊಂದು ಕಾಲು ಎಳೆದುಕೊಂಡಳು.

ಹೊರಡುವ ಹೊತ್ತಿಗೆ ಅವನ ಹೊಟ್ಟೆ ಒಂದು ಸುತ್ತು ಇಳಿದಿತ್ತು, ಅಕ್ಕನ ಕಾಲು ಹಗ್ಗದಂತೆ ಬಿಗಿದಿತ್ತು. ಮನೆಯ ಮಾಳಿಗೆಯ ಮೇಲೆ ಗುಡಾರ ಹಾಕುವುದನ್ನೂ ಕಲಿತಿದ್ದರು. ಒಮ್ಮೆ ಗಾಳಿಗೆ ಅದು ಹಾರಿ ಪಕ್ಕದ ಮನೆಯ ನೀರಿನ ತೊಟ್ಟಿಯ ಮೇಲೆ ಕೂತಿತ್ತು, ಆ ಮನೆಯವರು ಅದನ್ನು ಒಗೆದು ಮಡಿಸಿ ತಂದುಕೊಟ್ಟರು.

ಬೆಟ್ಟದ ಬುಡದಲ್ಲಿ ಕಾದಿದ್ದ ಗೈಡಮ್ಮ ನಡುವಯಸ್ಸಿನ ಗಟ್ಟಿ ಹೆಂಗಸು. ಮಾತು ಕಡಿಮೆ, ನೋಟ ಜಾಸ್ತಿ. ಇಬ್ಬರ ಬೂಟನ್ನೂ ಮೊದಲು ನೋಡಿದಳು, ಆಮೇಲೆ ಮುಖ. "ಹಳೇ ಬೂಟು ಹಾಕ್ಕೊಂಡು ಬಂದಿದ್ದೀರಿ, ಒಳ್ಳೇದು" ಎಂದಳು. ನಾಲ್ಕು ತಿಂಗಳ ಬೂಟಿಗೆ ಇಷ್ಟು ದೊಡ್ಡ ಹೊಗಳಿಕೆ ಸಿಕ್ಕಿದ್ದು ಲಿಫ್ಟಣ್ಣನಿಗೆ ದಾರಿಯುದ್ದಕ್ಕೂ ಬಲ ಕೊಟ್ಟಿತು. ಜೊತೆಗೆ ಒಬ್ಬ ಅಡುಗೆಯವನು, ಸಾಮಾನು ಹೊರುವ ಎರಡು ಹೇಸರಗತ್ತೆ.

ಮೊದಲ ದಿನ ಸುಸೂತ್ರ. ಎರಡನೆಯ ದಿನ ಹೊಳೆಯ ಹತ್ತಿರ ಬಂದರೆ ಸೇತುವೆಯೇ ಇಲ್ಲ. ಹಿಂದಿನ ವಾರದ ಪ್ರವಾಹ ಹೊತ್ತುಕೊಂಡು ಹೋಗಿತ್ತು. ಗೈಡಮ್ಮ ತಲೆ ಕೆಡಿಸಿಕೊಳ್ಳಲಿಲ್ಲ. ಸಾಮಾನು ಇಳಿಸಿ ಹೇಸರಗತ್ತೆಗಳನ್ನು ಅಲ್ಲೇ ಮೇಯಲು ಬಿಟ್ಟು, ದಂಡೆಗುಂಟ ಮೇಲಕ್ಕೆ ಕರೆದುಕೊಂಡು ಹೋಗಿ, "ತೊಟ್ಟಿಲಲ್ಲಿ ದಾಟೋಣ" ಎಂದಳು.

ತೊಟ್ಟಿಲು ಎಂದರೆ ಹೊಳೆಯ ಮೇಲೆ ಈ ಬಂಡೆಯಿಂದ ಆ ಬಂಡೆಗೆ ಕಟ್ಟಿದ ಒಂದು ತಂತಿ ಹಗ್ಗ, ಅದಕ್ಕೆ ರಾಟೆಯಿಂದ ನೇತುಬಿದ್ದ ಒಂದು ಕಬ್ಬಿಣದ ಪೆಟ್ಟಿಗೆ. ಒಬ್ಬರು ಕೂರಬೇಕು, ಆಚೆ ದಂಡೆಯಿಂದ ಎಳೆಯಬೇಕು. ಎಳೆಯುವವಳು ಒಬ್ಬ ಮುದುಕಿ. ಕೆಳಗೆ ನೀರು ಬಂಡೆಗೆ ಬಡಿದು ಹಾಲಿನಂತೆ ಉಕ್ಕುತ್ತಿತ್ತು.

ಅಕ್ಕ ಸೆರಗು ಬಿಗಿದುಕೊಂಡವಳಂತೆ ಕೋಟು ಬಿಗಿದುಕೊಂಡು ಪೆಟ್ಟಿಗೆಯಲ್ಲಿ ಕೂತಳು. ಸುಯ್ಯೆಂದು ಹೋದಳು. ಆಚೆ ಇಳಿದು, ಜಾತ್ರೆಯ ತಿರುಗುಯ್ಯಾಲೆ ಇಳಿದವಳಂತೆ ಕೈ ಬೀಸಿದಳು. ಲಿಫ್ಟಣ್ಣ ಮಾತ್ರ ನಿಂತಲ್ಲೇ ನಿಂತಿದ್ದ. ಬೇರೆ ಯಾರಿಗಾದರೂ ಅದು ಬರೀ ಹಗ್ಗ. ಅವನಿಗೆ, ಹಗ್ಗವೊಂದು ಯಾವ ಯಾವ ರೀತಿಯಲ್ಲಿ ಕೈಕೊಡಬಹುದು ಎಂದು ಆಯುಷ್ಯವಿಡೀ ತಿಳಿದುಕೊಂಡದ್ದೆಲ್ಲ ಈಗ ಒಂದೊಂದಾಗಿ ನೆನಪಿಗೆ ಬಂತು. ಅವನ ಲಿಫ್ಟುಗಳಲ್ಲಿ ಒಂದಕ್ಕೆ ನಾಲ್ಕು ಹಗ್ಗ, ಅದರ ಮೇಲೆ ಬ್ರೇಕು, ಬ್ರೇಕಿನ ಮೇಲೆ ಇನ್ನೊಂದು ಬ್ರೇಕು. ಇಲ್ಲಿ ಒಂದು ಹಗ್ಗ, ಒಬ್ಬ ಮುದುಕಿ.

"ಸ್ವಲ್ಪ ನೋಡ್ಲಾ?" ಎಂದು ಗೈಡಮ್ಮನನ್ನು ಕೇಳಿದ. ಅವಳು ತಲೆಯಾಡಿಸಿದಳು. ಅವನು ಕೈವಸ್ತ್ರವನ್ನು ಹಗ್ಗದ ಸುತ್ತ ಹಿಡಿದು, ಕೈಗೆ ಎಟುಕುವಷ್ಟು ದೂರ ಎಳೆದ. ತಂತಿಯ ಎಳೆ ಕಿತ್ತುಬಂದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಗ್ರೀಸು ಹೊಸದಾಗಿತ್ತು. ಬಂಡೆಗೆ ಜಡಿದ ಕೊಂಡಿಯೂ ಗಟ್ಟಿಯಾಗಿತ್ತು. ತಪ್ಪು ಹುಡುಕಲು ಹೋದವನಿಗೆ ಒಂದೂ ಸಿಗದೆ, ಕೂರದೇ ಇರಲು ಕಾರಣವೂ ಉಳಿಯಲಿಲ್ಲ. ಕೈವಸ್ತ್ರ ಜೇಬಿಗಿಟ್ಟು ಕೂತ.

ಹೊಳೆಯ ನಟ್ಟನಡುವೆ ತೊಟ್ಟಿಲು ನಿಂತಿತು. ಆಚೆ ದಂಡೆಯಲ್ಲಿ ಎಳೆಯುವ ಹಗ್ಗ ಕಲ್ಲಿನ ಸಂದಿಗೆ ಸಿಕ್ಕಿಕೊಂಡಿತ್ತು. ಮುದುಕಿ ಅದನ್ನು ಬಿಡಿಸಲು ಬಗ್ಗಿದಳು. ಪೆಟ್ಟಿಗೆ ಅತ್ತಿತ್ತ ತೂಗಿತು. ಲಿಫ್ಟಣ್ಣ ಎರಡೂ ಕೈಯಲ್ಲಿ ಅಂಚು ಹಿಡಿದು ಕಣ್ಣು ಮುಚ್ಚಿದ. ಆಗ ನೀರಿನ ಸದ್ದನ್ನೂ ಮೀರಿ, ನಲವತ್ತು ವರ್ಷ ಮೈಕಿನಲ್ಲಿ ಪಳಗಿದ ದನಿಯೊಂದು ಕೇಳಿಸಿತು.

"ಪ್ರಯಾಣಿಕರ ಗಮನಕ್ಕೆ. ನನ್ನ ತಮ್ಮ ಕಾರಣಾಂತರಗಳಿಂದ ಸ್ವಲ್ಪ ತಡವಾಗಿ ಬರಲಿದ್ದಾನೆ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

ಅವನು ಕಣ್ಣು ಬಿಟ್ಟ. ಅಕ್ಕ ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು ನಿಂತಿದ್ದಳು. "ಬೆಳಿಗ್ಗೆ ಏನೋ ತಿಂಡಿ ತಿಂದೆ?" ಎಂದು ಮತ್ತೆ ಕೂಗಿದಳು.

"ಆಲೂಗಡ್ಡೆ" ಎಂದು ಅವನು ಕೂಗಿದ. ಕೂಗುವಾಗ ನಗು ಬಂತು. ನಗು ಬಂದ ಮೇಲೆ ಕೆಳಗೆ ನೋಡಲೂ ಧೈರ್ಯ ಬಂತು. ನೀರು ಹಾಲಿನಂತೆ ಬೆಳ್ಳಗೆ ಕಂಡಿದ್ದು ನಿಜವಾಗಿ ಹಸಿರು ಬಣ್ಣದ್ದು. ಬಂಡೆಯ ಮೇಲೆ ಸಣ್ಣ ಕಪ್ಪು ಹಕ್ಕಿಯೊಂದು ಬಾಲ ಕುಣಿಸುತ್ತಿತ್ತು. ಅದು ಆ ನೀರಿಗೇ ಧುಮುಕಿ ಮತ್ತೆ ಮೇಲೆದ್ದು ಬಂತು. ಇಷ್ಟು ಹೊತ್ತಿಗೆ ಹಗ್ಗ ಬಿಟ್ಟುಕೊಂಡು ತೊಟ್ಟಿಲು ದಂಡೆ ಸೇರಿತು.

ಮುದುಕಿ ಅವನ ಭುಜ ಹಿಡಿದು ಇಳಿಸುತ್ತ, "ಹಗ್ಗ ನೋಡಿ ಕೂತೆಯಲ್ಲಪ್ಪ, ಅದೇ ಇಷ್ಟ ಆಯ್ತು. ಜಾಸ್ತಿ ಜನ ಕಣ್ಮುಚ್ಚಿ ಕೂತು ನನ್ನ ದೇವರ ಮೇಲೆ ಭಾರ ಹಾಕ್ತಾರೆ" ಎಂದಳು. ಅವನು ಅವಳಿಂದ ಗ್ರೀಸು ಹಚ್ಚುವ ರೀತಿ ಕೇಳಿ ತಿಳಿದುಕೊಂಡ. ಅವಳು ಕುರಿಯ ಕೊಬ್ಬು ಬೆರೆಸುತ್ತಾಳಂತೆ. ಅಡುಗೆಯವನೂ ಗೈಡಮ್ಮನೂ ಸಾಮಾನಿನ ಸಮೇತ ದಾಟಿ ಬರುವವರೆಗೆ ಇಬ್ಬರೂ ಆ ವಿಷಯವನ್ನೇ ಮಾತಾಡುತ್ತ ಕೂತಿದ್ದರು.

ಮೂರನೆಯ ದಿನ ಸಂಜೆ, ಗಿಡಮರಗಳೆಲ್ಲ ಮುಗಿದು ಬರೀ ಕಲ್ಲು ಹುಲ್ಲು ಉಳಿದ ಜಾಗದಲ್ಲಿ ಗುಡಾರ ಹಾಕಿದಾಗ ಲಿಫ್ಟಣ್ಣನ ತಲೆ ಸಿಡಿಯತೊಡಗಿತು. ಬಿಸಿಲಿಗೆ ಎಂದುಕೊಂಡ. ಸಾರಿನ ವಾಸನೆಗೆ ಹೊಟ್ಟೆ ತೊಳಸಿತು. ಹಸಿವಿಲ್ಲ ಎಂದ. ಬೆಳಿಗ್ಗೆ ಎದ್ದು ಹೊರಗೆ ಹೋಗಿ ವಾಂತಿ ಮಾಡಿಕೊಂಡು, ಕಾಲಿನಿಂದ ಮಣ್ಣು ಮುಚ್ಚಿ ಬಂದ. ಗೈಡಮ್ಮ ಅವನ ಎದುರು ನಿಂತಿದ್ದಳು.

"ಅಣ್ಣ, ಈ ಕಲ್ಲಿಂದ ಆ ಕಲ್ಲಿನ ತನಕ ನೇರ ನಡೀರಿ. ಹಿಮ್ಮಡಿಗೆ ಬೆರಳು ತಾಗೋ ಹಾಗೆ."

ಅವನು ನಡೆದ. ನಡುವೆ ಎಡಕ್ಕೆ ವಾಲಿದ.

"ನೀವು ಇವತ್ತು ಇಳೀಬೇಕು."

ಕೊಳ ಇನ್ನು ಅರ್ಧ ದಿನದ ದಾರಿ. ಮೇಲೆ ಆಕಾಶದಲ್ಲಿ ಚೂರು ಮೋಡವಿರಲಿಲ್ಲ. ಲಿಫ್ಟಣ್ಣನ ಬಾಯಿಗೆ ಹಟದ ಮಾತುಗಳೆಲ್ಲ ಸಾಲುಗಟ್ಟಿ ಬಂದವು. ಒಂದು ಮಾತ್ರೆ ಕೊಡಿ, ನಿಧಾನ ಬರ್ತೀನಿ, ಇಷ್ಟು ದೂರ ಬಂದು. ಹಿಮ್ಮಡಿಗೆ ಪಟ್ಟಿ ಅಂಟಿಸುತ್ತ ಕೂತ ಹೆಂಡತಿಯ ನೆತ್ತಿ ಕಣ್ಣ ಮುಂದೆ ಬಂತು. ಮಾತುಗಳನ್ನು ನುಂಗಿಕೊಂಡ.

"ನಾನೂ ಇಳೀತೀನಿ" ಎಂದಳು ಅಕ್ಕ.

"ನೀನ್ಯಾಕೆ? ನಿನಗೇನೂ ಆಗಿಲ್ಲವಲ್ಲ."

"ನಿನ್ನನ್ನ ಬಿಟ್ಟು ಹೋಗೋಕೆ ಮನಸ್ಸು ಬರಲ್ಲ ಕಣೋ. ಶಾಲೆಗೆ ಕೂಡ ಕೈ ಹಿಡಿದು ಬಿಟ್ಟು ಬಂದೋಳು ನಾನು."

"ಶಾಲೆ ಬಾಗಿಲಲ್ಲಿ ಬಿಟ್ಟು ನೀನು ಕೆಲಸಕ್ಕೆ ಹೋಗ್ತಿರ್ಲಿಲ್ವಾ? ಹಾಗೇ ಅಂದ್ಕೋ. ಹೋಗು ಅಕ್ಕ. ಇಬ್ಬರೂ ನೋಡದೆ ಬಂದ್ರೆ ಮನೇಲಿ ಅವಳು ನಗ್ತಾಳೆ."

ಅಡುಗೆಯವನು ಅವನ ಜೊತೆ ಕೆಳಗಿನ ಕುರಿಗಾಹಿಗಳ ತಂಗುಮನೆಯವರೆಗೆ ಇಳಿಯುವುದು, ಗೈಡಮ್ಮ ಅಕ್ಕನನ್ನು ಕರೆದುಕೊಂಡು ಹೋಗಿ ಮಾರನೆಯ ಸಂಜೆಗೆ ಅಲ್ಲಿಗೇ ಬರುವುದು ಎಂದಾಯಿತು. ಅಕ್ಕ ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತ ಏರಿದಳು. ಲಿಫ್ಟಣ್ಣ ತಿರುಗಿ ನೋಡದೆ ಇಳಿದ. ನೋಡಿದರೆ ಕಣ್ಣಲ್ಲಿ ನೀರು ಬರುತ್ತದೆಂದು ಗೊತ್ತಿತ್ತು. ನೋಡದಿದ್ದರೂ ಬಂತು. ಅಡುಗೆಯವನು ಒಳ್ಳೆಯವನು, ದಾರಿಯುದ್ದಕ್ಕೂ ತನ್ನ ಹಲ್ಲುನೋವಿನ ವಿಚಾರ ಹೇಳಿದ.

ಇಳಿದಂತೆ ತಲೆ ತಿಳಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಹಸಿವಾಯಿತು. ಮಾರನೆಯ ಬೆಳಿಗ್ಗೆಗೆ ಅವನು ಮೊದಲಿನ ಹಾಗಾಗಿದ್ದ, ಮನಸ್ಸು ಮಾತ್ರ ಕಹಿ. ತಂಗುಮನೆಯ ಯಜಮಾನ ಕುರಿದೊಡ್ಡಿಯ ಕುಸಿದ ಗೋಡೆ ಕಟ್ಟುತ್ತಿದ್ದ. ಸಿಮೆಂಟಿಲ್ಲ, ಮಣ್ಣಿಲ್ಲ, ಕಲ್ಲಿನ ಮೇಲೆ ಕಲ್ಲು. ಸುಮ್ಮನೆ ಕೂತಿರಲಾರದೆ ಲಿಫ್ಟಣ್ಣ ಒಂದು ಕಲ್ಲು ಎತ್ತಿಟ್ಟ. ಯಜಮಾನ ಅದನ್ನು ತೆಗೆದು ಕೆಳಗಿಟ್ಟ. ಇನ್ನೊಂದು ಇಟ್ಟ. ಅದನ್ನೂ ತೆಗೆದ.

"ನೆಟ್ಟಗೆ ಇಟ್ಟೆನಲ್ಲ?" ಎಂದ ಲಿಫ್ಟಣ್ಣ. ನೆಟ್ಟಗೆ ನಿಲ್ಲಿಸುವುದೇ ಅವನ ಉದ್ಯೋಗ.

"ನೆಟ್ಟಗೆ ಬೇಡ. ಒಳಗೆ ವಾಲಬೇಕು. ಒಂದರ ಮೇಲೊಂದು ಒರಗಿಕೊಂಡ್ರೆ ನಿಲ್ತವೆ."

ಆಮೇಲಿನದು ಬರೀ ಕೆಲಸ. ಕಲ್ಲು ಎತ್ತುವುದು, ತಿರುಗಿಸಿ ನೋಡುವುದು, ಹೊಂದದಿದ್ದರೆ ಪಕ್ಕಕ್ಕಿಡುವುದು. ಕುರಿಗಳು ಬಂದು ಅವನ ಕೋಟಿನ ಗುಂಡಿ ನೆಕ್ಕಿದವು. ಎದುರಿನ ಇಳಿಜಾರಿನಲ್ಲಿ ಮೋಡದ ನೆರಳು ಜಾರುತ್ತಿತ್ತು. ಅದನ್ನು ನೋಡುತ್ತ ಎಷ್ಟು ಹೊತ್ತು ಕಲ್ಲು ಹಿಡಿದೇ ನಿಂತಿದ್ದೆನೆಂದು ಅವನಿಗೆ ಯಜಮಾನ ಕೆಮ್ಮಿದಾಗಲೇ ತಿಳಿದದ್ದು. ಸಂಜೆಗೆ ಗೋಡೆ ಸೊಂಟದೆತ್ತರ ಎದ್ದಿತ್ತು. ಅದರಲ್ಲಿ ತೆಗೆಯದೆ ಉಳಿದ ಅವನ ಕಲ್ಲುಗಳೂ ಇದ್ದವು. ಯಜಮಾನನ ಹೆಂಡತಿ ಕೊಟ್ಟ ಬಿಸಿ ರೊಟ್ಟಿ ತಿನ್ನುತ್ತ ಕೂತಾಗ, ಇಡೀ ಮಧ್ಯಾಹ್ನ ಕೊಳದ ನೆನಪೇ ಬರಲಿಲ್ಲವೆಂದು ಹೊಳೆಯಿತು. ಹೊಳೆದ ತಕ್ಷಣ ನೆನಪು ಬಂತು, ಕಹಿಯೂ ಬಂತು. ಆದರೆ ಬೆಳಗಿನಷ್ಟಲ್ಲ.

ಅಕ್ಕ ಬಂದಳು. ಮುಖ ಬಿಸಿಲಿಗೆ ಕೆಂಪಾಗಿ, ತುಟಿ ಒಡೆದಿತ್ತು. ಅವನ ಹಣೆ ಮುಟ್ಟಿ ನೋಡಿ, ಪಕ್ಕದಲ್ಲಿ ಕುಸಿದು ಕೂತಳು.

"ಮಂಜಿತ್ತಾ?" ಎಂದು ಅವನೇ ಕೇಳಿದ. ಇರಲಿ ಎಂದು ಅವನ ಮನಸ್ಸು ಹೇಳುತ್ತಿತ್ತು. ಹಾಗೆ ಹೇಳುತ್ತಿದೆಯೆಂದು ಅವನಿಗೆ ನಾಚಿಕೆಯೂ ಆಗುತ್ತಿತ್ತು.

ಅಕ್ಕ ಬೂಟಿನ ದಾರ ಬಿಚ್ಚುತ್ತ ತಡೆದಳು. "ದಾರಿಯುದ್ದಕ್ಕೂ ಯೋಚನೆ ಮಾಡ್ಕೊಂಡು ಬಂದೆ. ಮಂಜಿತ್ತು ಅಂತ ಹೇಳಿಬಿಡೋಣ ಅಂತ. ಆದ್ರೆ ನಿನಗೆ ನಾನು ಯಾವತ್ತೂ ಸುಳ್ಳು ಹೇಳಿಲ್ಲ. ಮಂಜು ಇರ್ಲಿಲ್ಲ ಕಣೋ. ತುಂಬಾ ಚಂದ ಇತ್ತು. ಆ ಕ್ಯಾಲೆಂಡರಲ್ಲಿರೋದು ಏನೂ ಅಲ್ಲ."

ಅವನು ನೆಲ ನೋಡಿದ. "ಆಯ್ತು" ಎಂದ. ಮತ್ತೆ, "ಹೊಟ್ಟೆಕಿಚ್ಚಾಗ್ತಿದೆ ಅಕ್ಕ" ಎಂದ.

"ಆಗಲಿ. ಆಗದೆ ಏನು?"

"ಸ್ವಲ್ಪ ಹೊತ್ತು ಇರತ್ತೆ."

"ಇರ್ಲಿ ಬಿಡು."

ಅವಳು ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಳು, ಸಣ್ಣವನಿದ್ದಾಗ ಜ್ವರ ಬಂದರೆ ಕೂರುತ್ತಿದ್ದ ಹಾಗೆ. ಒಲೆಯಲ್ಲಿ ಕಟ್ಟಿಗೆ ಚಟಪಟ ಎನ್ನುತ್ತಿತ್ತು. ಯಜಮಾನನ ಹೆಂಡತಿ ಅಕ್ಕನಿಗೂ ರೊಟ್ಟಿ ತಂದಿಟ್ಟಳು. ಎರಡು ತುತ್ತು ತಿಂದಾದ ಮೇಲೆ ಅವನು, "ಮೊದಲಿಂದ ಹೇಳು. ಗುಡಾರ ಬಿಟ್ಟು ಹೋದಮೇಲೆ ಏನಾಯ್ತು?" ಎಂದ.

ಅವಳು ಹೇಳಿದಳು. ಕೊನೆಯ ಏರಿನಲ್ಲಿ ನಾಲ್ಕು ಕಾಲಿನಲ್ಲಿ ಹತ್ತಿದ್ದು, ಮೇಲೆ ನಿಂತಾಗ ಗಾಳಿ ಟೊಪ್ಪಿಗೆ ಕಿತ್ತುಕೊಂಡು ಹೋಗಿದ್ದು, ನೀರು ಎಷ್ಟು ತಣ್ಣಗಿತ್ತೆಂದರೆ ಕಾಲಿಟ್ಟು ಬೈದುಬಿಟ್ಟದ್ದು, ಆ ಬೈಗುಳ ಎದುರಿನ ಬೆಟ್ಟಕ್ಕೆ ಬಡಿದು ವಾಪಸು ಬಂದು ಗೈಡಮ್ಮ ಮೊದಲ ಸಲ ಬಿದ್ದು ಬಿದ್ದು ನಕ್ಕದ್ದು. ಆಮೇಲೆ ಅತ್ತದ್ದು. "ಯಾಕೆ ಅತ್ತೆ ಅಂತ ಕೇಳ್ಬೇಡ. ನನಗೂ ಗೊತ್ತಿಲ್ಲ." ಅವನು ಗೋಡೆಯ ವಿಚಾರ ಹೇಳಿದ. ಹೊರಗೆ ಇನ್ನೂ ಬೆಳಕಿತ್ತು, ಅಕ್ಕ ನೋಡಲೇಬೇಕೆಂದು ಎದ್ದಳು. ಸಾಕ್ಸಿನ ಕಾಲಲ್ಲೇ ಹೋಗಿ, ಇದು ನಿನ್ನದಾ, ಇದು ನಿನ್ನದಾ ಎಂದು ಒಂದೊಂದು ಕಲ್ಲನ್ನೂ ಮುಟ್ಟಿ ಕೇಳಿದಳು.

ಮನೆಗೆ ಬಂದ ಮೇಲೆ ಕಟ್ಟಡಗಳ ಜನ ಕೇಳಿದರು, "ತುದಿ ಮುಟ್ಟಿದ್ರಾ?" ಲಿಫ್ಟಣ್ಣ, "ಅಕ್ಕ ಮುಟ್ಟಿದ್ಲು, ನಾನು ಅದಕ್ಕೆ ಮುಂಚಿನ ನಿಲ್ದಾಣದಲ್ಲೇ ಇಳಿದೆ" ಎನ್ನುತ್ತಿದ್ದ. ಮೊದಮೊದಲು ಹಾಗೆ ಹೇಳುವಾಗ ದನಿ ಸ್ವಲ್ಪ ಕುಗ್ಗುತ್ತಿತ್ತು, ಬರಬರುತ್ತ ಕುಗ್ಗಲಿಲ್ಲ. ಹೆಂಡತಿ ನಗಲಿಲ್ಲ. ಅವನು ಇಳಿದ ಸಂಗತಿಯನ್ನು ಎರಡು ಸಲ ಹೇಳಿಸಿಕೊಂಡು ಕೇಳಿದಳು. ಎರಡನೆಯ ಸಲ ಕೇಳುವಾಗ ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬಡಿಸಿದಳು.

ಕೆಲವು ವಾರ ಕಳೆದು, ಶಿಶುವಿಹಾರದ ಮಕ್ಕಳ ಒದ್ದೆ ಬಟ್ಟೆ ಒಣಹಾಕುತ್ತ ಅವಳು, "ಮುಂದಿನ ಸಲ ನಾನೂ ಬರ್ತೀನಿ" ಎಂದಳು. "ಬೆಟ್ಟ ಬೇಡ. ಸಮುದ್ರ. ಸಣ್ಣ ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹುಟ್ಟು ಹಾಕ್ಕೊಂಡು ಹೋಗ್ತಾರಂತೆ. ಟಿವಿಯಲ್ಲಿ ನೋಡಿದೆ."

"ನಿನಗೆ ಈಜು ಬರಲ್ಲವಲ್ಲ?"

"ನಿಮಗೆ ಬರತ್ತಾ?"

ಬರುತ್ತಿರಲಿಲ್ಲ. ಅಕ್ಕನಿಗೂ ಬರುತ್ತಿರಲಿಲ್ಲ. ಹಾಗಾಗಿ ಈಗ ಶನಿವಾರ ಬೆಳಿಗ್ಗೆ ಸಾರ್ವಜನಿಕ ಈಜುಕೊಳದ ಆಳವಿಲ್ಲದ ತುದಿಯಲ್ಲಿ, ಶಾಲೆಯ ಮಕ್ಕಳ ನಡುವೆ ಮೂರು ದೊಡ್ಡ ತಲೆಗಳು ಕಾಣಿಸುತ್ತವೆ. ಮೂವರೂ ಅಂಚಿನ ಸರಳು ಹಿಡಿದು ಕಾಲು ಬಡಿಯುತ್ತಾರೆ. ಈಜು ಕಲಿಸುವವಳು ಮುಖವನ್ನು ನೀರೊಳಗೆ ಇಡಿ ಎನ್ನುತ್ತಾಳೆ. ಹೆಂಡತಿ ಇಡುತ್ತಾಳೆ. ಅಕ್ಕ ಇಟ್ಟು, ನೀರು ಕುಡಿದು, ಕೆಮ್ಮುತ್ತ ಮೇಲೇಳುತ್ತಾಳೆ. ಲಿಫ್ಟಣ್ಣ ಇನ್ನೂ ಮೂಗಿನವರೆಗೆ ಮಾತ್ರ ಇಡುತ್ತಾನೆ, ಆದರೆ ಹೋದ ವಾರ ಗದ್ದದವರೆಗೆ ಮಾತ್ರ ಇಡುತ್ತಿದ್ದ.